ಇಪ್ಪತ್ತು ಮಳೆಗಾಲ, ಒಂದೇ ಅಣಬೆ

ಆರಿದ್ರೆ ಮಳೆ ಹಿಡಿದು ಮೂರು ದಿನವಾಯಿತೆಂದರೆ ನನಗೆ ಮನೆಯೊಳಗೆ ಕೂರಲಾಗುವುದಿಲ್ಲ. ಕಾಲಿಗೆ ಸುಣ್ಣ-ಹೊಗೆಸೊಪ್ಪು ತಿಕ್ಕಿಕೊಂಡು, ಕಂಬಳಿಕೊಪ್ಪೆ ಹೊದ್ದು ಹೊರಟುಬಿಡುತ್ತೇನೆ. ಕೊಪ್ಪ ಮತ್ತು ತೀರ್ಥಹಳ್ಳಿಯ ನಡುವೆ ನಮ್ಮ ಅಡಿಕೆ ತೋಟ. ತೋಟದ ಮೇಲೆ ಸೊಪ್ಪಿನಬೆಟ್ಟ, ಅದರಾಚೆ ಕಾನು. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ಇಪ್ಪತ್ತು ಮಳೆಗಾಲ ಈ ಬೆಟ್ಟದಲ್ಲಿ ಅಣಬೆ ಹುಡುಕಿದ್ದೇನೆ. ಕಿತ್ತು ತಂದು, ಬೇಯಿಸಿ, ಮನೆಯವರ ತಟ್ಟೆಗೆ ಬಡಿಸಬಲ್ಲೆ ಅನ್ನುವಷ್ಟು ಪರಿಚಯವಾಗಿರುವುದು ಒಂದೇ ಒಂದು: ಹುತ್ತದ ಅಣಬೆ. ಆ ಒಂದರ ಪರಿಚಯಕ್ಕೇ ಇಷ್ಟು ತಪ್ಪು ಮಾಡಿದೆ. ಇದನ್ನು ಓದಿಕೊಂಡು ಯಾರೂ ಒಬ್ಬರೇ ಅಣಬೆ ಕೀಳಲು ಹೊರಡಬೇಡಿ. ಗೊತ್ತಿರುವವರ ಹಿಂದೆ ಹೋಗುವಾಗ ಎಲ್ಲಿ ಕಣ್ಣಿಡಬೇಕು ಎಂದು ತಿಳಿಯಲು ಮಾತ್ರ ಓದಿ.

1. ಪುಸ್ತಕದ ಚಿತ್ರ ನೋಡಿ ಹೆಸರಿಟ್ಟೆ

ಊರಿಗೆ ಬಂದ ಮೊದಲ ವರ್ಷ ನನ್ನ ಚೀಲದಲ್ಲಿ ಒಂದು ದಪ್ಪ ಪುಸ್ತಕವಿತ್ತು. ಯುರೋಪಿನ ಅಣಬೆಗಳದ್ದು, ಬಣ್ಣದ ಚಿತ್ರಗಳು ಬಹಳ ಚೆನ್ನಾಗಿದ್ದವು. ಕಾನಿನಲ್ಲಿ ಕಂಡದ್ದನ್ನೆಲ್ಲ ಅದರ ಪುಟಗಳಿಗೆ ಹೋಲಿಸಿ, ಹತ್ತಿರ ಕಂಡ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಒಂದು ತಿಂಗಳಲ್ಲಿ ಮೂವತ್ತು ಹೆಸರಾಯಿತು. ಆ ಅಣಬೆಗಳು ಓಕ್, ಬೀಚ್, ಪೈನ್ ಮರಗಳ ಅಡಿ ಬೆಳೆಯುವಂಥವು, ನಮ್ಮ ಬೆಟ್ಟದಲ್ಲಿ ಆ ಮರಗಳೇ ಇಲ್ಲ ಅನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ. ಎಷ್ಟೋ ಅಣಬೆಗಳಿಗೆ ಇಂಥದೇ ಮರದ ಬೇರು ಬೇಕು; ಮರ ಗೊತ್ತಿಲ್ಲದವನಿಗೆ ಅಣಬೆ ಗೊತ್ತಾಗುವುದಿಲ್ಲ. ನಮ್ಮ ಹುತ್ತದ ಅಣಬೆಯಂತೂ ಆ ಪುಸ್ತಕದಲ್ಲಿ ಇರಲೇ ಇಲ್ಲ. ಇರಲು ಸಾಧ್ಯವೂ ಇರಲಿಲ್ಲ. ಅದು ಏಳುವುದು ಗೆದ್ದಲಿನ ಗೂಡಿನಿಂದ, ಅಂಥ ಅಣಬೆ ಬೆಳೆಸುವ ಗೆದ್ದಲು ಇರುವುದು ಆಫ್ರಿಕಾ ಮತ್ತು ಏಷ್ಯಾದ ಬಿಸಿ ಸೀಮೆಗಳಲ್ಲಿ.

ಆ ಮೂವತ್ತು ಹೆಸರುಗಳನ್ನು ಒಂದೊಂದಾಗಿ ಹೊಡೆದು ಹಾಕಲು ನನಗೆ ಆರೇಳು ವರ್ಷ ಹಿಡಿಯಿತು.

2. ಕೊಡೆ ಕಿತ್ತೆ, ಬುಡ ಮಣ್ಣಿನಲ್ಲೇ ಉಳಿಯಿತು

ಆ ವರ್ಷವೇ ಒಂದು ಬೆಳಿಗ್ಗೆ ಬೆಟ್ಟದಿಂದ ಒಂದು ಕುಕ್ಕೆ ಅಣಬೆ ತಂದು ಜಗುಲಿಯಲ್ಲಿ ಸುರಿದೆ. ದೊಡ್ಡಮ್ಮ ಬಂದು ಕೂತರು. ಒಂದೊಂದನ್ನೇ ಎತ್ತಿ, ತಿರುಗಿಸಿ, ಕೆಳಗಿಟ್ಟರು. ಕೊನೆಗೆ, "ಇವಕ್ಕೆಲ್ಲ ಕಾಲೇ ಇಲ್ವಲ್ಲೋ, ಯಾವುದು ಅಂತ ಹೇಳ್ಲಿ?" ಎಂದು ಇಡೀ ರಾಶಿಯನ್ನು ಗೊಬ್ಬರದ ಗುಂಡಿಗೆ ಹಾಕಿಸಿದರು. ನನಗೆ ಬೇಜಾರಾಗಿ ಎರಡು ದಿನ ಅವರೊಡನೆ ಸರಿಯಾಗಿ ಮಾತಾಡಲಿಲ್ಲ.

ಅವರು ಕೇಳಿದ್ದೇ ಸರಿ. ಹುತ್ತದ ಅಣಬೆಯ ಗುರುತು ಇರುವುದು ಅದರ ಕಾಲಿನಲ್ಲಿ. ಮಣ್ಣಿನ ಮೇಲೆ ಗೇಣುದ್ದ ಕಂಡರೆ ಮಣ್ಣಿನೊಳಗೆ ಇನ್ನೊಂದು ಗೇಣು, ಕೆಲವು ಸಲ ಒಂದು ಮೊಳದಷ್ಟು ಇರುತ್ತದೆ. ಕೆಳಗೆ ಹೋದಂತೆ ಸಪೂರವಾಗುತ್ತ, ಬೇರಿನಂತೆ ಇಳಿದು, ನೆಲದಡಿಯ ಒರಲೆ ಗೂಡನ್ನು ಮುಟ್ಟುತ್ತದೆ. ಗೆದ್ದಲಿಗೆ ನಮ್ಮ ಕಡೆ ಒರಲೆ ಅನ್ನುತ್ತೇವೆ. ಪ್ರಾಣ ತೆಗೆಯುವ ಅಮಾನಿಟಾ ಕುಲದ ಅಣಬೆಗಳ ಗುರುತು ಕೂಡ ಬುಡದಲ್ಲೇ ಇದೆ. ಅವುಗಳ ಬುಡ ಉಬ್ಬಿರುತ್ತದೆ. ಸುತ್ತ ಒಡೆದ ಮೊಟ್ಟೆಯ ಸಿಪ್ಪೆಯಂಥ ಬಟ್ಟಲು ಇರುತ್ತದೆ, ಅದು ಮಣ್ಣಿನಲ್ಲಿ ಹೂತಿರುತ್ತದೆ. ಮೇಲಿನಿಂದ ಚಿವುಟಿದರೆ ತಿನ್ನುವುದರ ಗುರುತೂ ಹೋಯಿತು, ಕೊಲ್ಲುವುದರ ಗುರುತೂ ಹೋಯಿತು.

ಈಗ ಒಂದು ಚಪ್ಪಟೆ ಬಿದಿರು ಸೀಳು ಒಯ್ಯುತ್ತೇನೆ. ಕಾಲಿನ ಪಕ್ಕ ಅದನ್ನಿಳಿಸಿ, ಮಣ್ಣು ಸಡಿಲಿಸಿ, ಅಣಬೆಯನ್ನು ಪೂರ್ತಿಯಾಗಿ ಎತ್ತುತ್ತೇನೆ. ಬುಡ ಮುರಿದು ಹೋದದ್ದನ್ನು ಅಲ್ಲೇ ಬಿಡುತ್ತೇನೆ.

3. ಹುತ್ತದ ಪಕ್ಕದ್ದೆಲ್ಲ ಹುತ್ತದ ಅಣಬೆಯಲ್ಲ

ಕಾಲು ನೋಡಬೇಕು ಎಂದು ಕಲಿತ ಮೇಲೆ ಇನ್ನೊಂದು ತಪ್ಪಿಗೆ ಬಿದ್ದೆ. ಹುತ್ತ ಕಂಡಲ್ಲೆಲ್ಲ ನಿಂತೆ. ಹುತ್ತದ ಬುಡದಲ್ಲಿ ದರಗಿನ ನಡುವೆ ಎದ್ದ ಯಾವುದೋ ಅಣಬೆಗಳನ್ನು ಹುತ್ತದ್ದೇ ಎಂದುಕೊಂಡೆ. ಅವು ಕೊಳೆತ ಎಲೆಯ ಮೇಲೆ ಬೆಳೆದವು. ಎಳೆದರೆ ಎಲೆಯ ಸಮೇತ ಸುಲಭವಾಗಿ ಬಂದವು. ಇತ್ತ ನಿಜವಾದ ಹುತ್ತದ ಅಣಬೆ, ಮೇಲೆ ಹುತ್ತವೇ ಕಾಣದ ಸಪಾಟು ನೆಲದಲ್ಲಿ, ಹಲಸಿನ ಮರದಿಂದ ಹತ್ತು ಮಾರು ದೂರದಲ್ಲಿ ಪ್ರತಿ ವರ್ಷ ಏಳುತ್ತಿತ್ತು. ಗೂಡು ನೆಲದಡಿಯಲ್ಲಿತ್ತು. ಆ ಜಾಗದ ಮೇಲೆ ನಾನು ಎಷ್ಟು ಸಲ ನಡೆದು ಹೋಗಿದ್ದೆನೋ.

ಈಗ ಕಾಲಿನ ಜೊತೆ ಇನ್ನಷ್ಟನ್ನು ನೋಡುತ್ತೇನೆ. ಕೊಡೆಯ ನೆತ್ತಿಯಲ್ಲಿ ಮೊನೆ ಇರಬೇಕು. ಗಟ್ಟಿ ಮಣ್ಣನ್ನು ಸೀಳಿ ಬರುವುದು ಆ ಮೊನೆಯಿಂದಲೇ, ಮುಟ್ಟಿದರೆ ಗಡುಸಾಗಿ ಸಿಗುತ್ತದೆ. ಅರಳಿದ ಕೊಡೆ ಅಂಚಿನಿಂದ ಒಳಮುಖವಾಗಿ ಸೀಳಿರುತ್ತದೆ. ಅಡಿಯ ಕಿವಿರುಗಳು ಒತ್ತಾಗಿ, ಬಿಳಿಯಾಗಿದ್ದು, ಬಲಿತಂತೆ ನಸುಗೆಂಪಿಗೆ ತಿರುಗುತ್ತವೆ, ಕಾಲಿಗೆ ಅಂಟಿಕೊಂಡಿರುವುದಿಲ್ಲ. ಕಾಲು ನಾರುನಾರಾಗಿ, ಒಳಗೆ ತುಂಬಿಕೊಂಡಿರುತ್ತದೆ, ಕೋಳಿಯ ಎದೆ ಮಾಂಸ ಸೀಳಿದಂತೆ ಉದ್ದಕ್ಕೆ ಸೀಳುತ್ತದೆ. ಇವೆಲ್ಲ ಒಟ್ಟಿಗೆ ಸಿಗಬೇಕು. ನಾಲ್ಕು ಸಿಕ್ಕಿ ಒಂದು ಸಿಗದಿದ್ದರೆ ಮುಟ್ಟುವುದಿಲ್ಲ.

ಹುತ್ತ ಅಂದರೆ ಹಾವಿನ ಜಾಗ ಕೂಡ. ಕೆಲವು ಹುತ್ತಗಳಿಗೆ ನಮ್ಮಲ್ಲಿ ಪೂಜೆ ನಡೆಯುತ್ತದೆ. ಬೇರೆಯವರ ಬೆಟ್ಟದಲ್ಲಿ ಕೇಳದೆ ಕೈ ಹಾಕಬಾರದು.

4. ಒಂದು ರಾತ್ರಿ ಕಾಯಲಿಲ್ಲ

ಇದನ್ನು ಬರೆಯುವುದು ಕಷ್ಟ. ಐದನೆಯ ಮಳೆಗಾಲ. ಅಷ್ಟು ಹೊತ್ತಿಗೆ ಊರಿನಲ್ಲಿ ನಾಲ್ಕು ಜನ ನನ್ನನ್ನು ಅಣಬೆ ಗೊತ್ತಿರುವವನು ಎಂದು ಕರೆಯತೊಡಗಿದ್ದರು. ಆ ಮಾತು ನನಗೆ ಹಿತವಾಗಿತ್ತು. ಪೇಟೆಯಿಂದ ಬರುವಾಗ ಒಂದು ಮೈದಾನದ ಹುಲ್ಲಿನ ಮೇಲೆ ಬಿಳಿ ಕೊಡೆಗಳು ದುಂಡಗೆ ಸಾಲುಗಟ್ಟಿ ನಿಂತಿದ್ದವು. ಊಟದ ತಟ್ಟೆಯಷ್ಟು ಅಗಲ, ನಡುವೆ ಕಂದು ಹುರುಪೆ, ಕಾಲಿನ ಮೇಲೆ ಉಂಗುರ. ಒಳ್ಳೆಯ ವಾಸನೆ. ಕಿವಿರು ಬೆಳ್ಳಗಿತ್ತು. ಬುಡ ಸಮೇತ ಎತ್ತಿದೆ. ಕಾಲು ಆಳಕ್ಕೆ ಹೋಗಿರಲಿಲ್ಲ, ಗಡ್ಡೆಯಂತೆ ದಪ್ಪಗಾಗಿ ನಿಂತಿತ್ತು. ನೆತ್ತಿಯಲ್ಲಿ ಮೊನೆಯೂ ಇರಲಿಲ್ಲ. ಮೇಲೆ ಬರೆದ ಗುರುತುಗಳಲ್ಲಿ ಅರ್ಧಕ್ಕರ್ಧ ಸಿಕ್ಕಿರಲಿಲ್ಲ. ಇಷ್ಟು ಚೆಂದದ ಅಣಬೆ ಕೆಟ್ಟದ್ದಾಗಿರಲಾರದು ಎಂದು ನನಗೆ ನಾನೇ ಹೇಳಿಕೊಂಡೆ.

ದೊಡ್ಡಮ್ಮ ಆ ವಾರ ಮಗಳ ಮನೆಗೆ ಹೋಗಿದ್ದರು. ರಾತ್ರಿ ಪಲ್ಯ ಮಾಡಿ ನಾನೂ ಅಪ್ಪಯ್ಯನೂ ತಿಂದೆವು. ಹೆಂಡತಿಗೆ ಅಂದು ಒಪ್ಪತ್ತು, ಅವಳು ಮುಟ್ಟಲಿಲ್ಲ. ಎರಡು ಗಂಟೆಯೊಳಗೆ ವಾಂತಿ ಶುರುವಾಯಿತು. ನನಗಿಂತ ಅಪ್ಪಯ್ಯನಿಗೆ ಜೋರು. ಎಪ್ಪತ್ತೆರಡು ವರ್ಷದ ಮನುಷ್ಯ, ಬಚ್ಚಲ ಗೋಡೆ ಹಿಡಿದುಕೊಂಡು ಕೂತುಬಿಟ್ಟರು. ಆ ಮಳೆಯಲ್ಲಿ ಪಕ್ಕದ ಮನೆಯ ಜೀಪು ಸಿಕ್ಕಿ ಆಸ್ಪತ್ರೆ ಸೇರುವಾಗ ಅವರ ನಾಲಗೆ ಒಣಗಿ ಮಾತು ಹೊರಡುತ್ತಿರಲಿಲ್ಲ. ಎರಡು ದಿನ ಡ್ರಿಪ್ಪು ಹಾಕಿದರು. ಮೂರನೆಯ ದಿನ ಗಂಜಿ ಕುಡಿದರು. ಮನೆಗೆ ಬಂದ ಮೇಲೆ ಅವರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅದಾದ ಮೇಲೆ ಬದುಕಿದ್ದ ಒಂಬತ್ತು ವರ್ಷವೂ ನಾನು ತಂದ ಅಣಬೆಯನ್ನು ಅವರು ತಿನ್ನಲಿಲ್ಲ.

ಆ ಅಣಬೆಯ ಹೆಸರು ಕ್ಲೋರೊಫಿಲ್ಲಮ್ ಮೊಲಿಬ್ಡೈಟಿಸ್. ಮಳೆ ಬಿದ್ದರೆ ಹುಲ್ಲುಹಾಸು, ಮೈದಾನ, ಪಾರ್ಕುಗಳಲ್ಲಿ ಏಳುತ್ತದೆ. ಎಳೆಯದರಲ್ಲಿ ಕಿವಿರು ಬಿಳಿ, ಬಲಿತಾಗ ಹಸಿರು ಛಾಯೆಗೆ ತಿರುಗುತ್ತದೆ. ಅದರ ಬೀಜಕದ ಪುಡಿ ಹಸಿರು; ಇಂಥ ಬಣ್ಣ ಅಣಬೆಗಳಲ್ಲಿ ಬಹಳ ಅಪರೂಪ. ಒಂದು ಕೊಡೆಯನ್ನು ಬಿಳಿ ಹಾಳೆಯ ಮೇಲೆ ಬೋರಲು ಹಾಕಿ, ಮೇಲೊಂದು ಬಟ್ಟಲು ಮುಚ್ಚಿ ರಾತ್ರಿ ಬಿಟ್ಟಿದ್ದರೆ ಬೆಳಿಗ್ಗೆ ಹಾಳೆಯ ಮೇಲೆ ಹಸಿರು ಗೆರೆಗಳು ಬಿದ್ದಿರುತ್ತಿದ್ದವು. ಆ ರಾತ್ರಿ ಕಾಯುವ ತಾಳ್ಮೆ ನನಗಿರಲಿಲ್ಲ.

ಈಗ ಗುರುತೆಲ್ಲ ಸರಿಯಿದ್ದರೂ ಹೊಸ ಜಾಗದಿಂದ ತಂದ ಅಣಬೆಯನ್ನು ಹಾಳೆಯ ಮೇಲೆ ಇಡದೆ ಒಲೆಗೆ ಇಡುವುದಿಲ್ಲ. ಹಾಳೆಯ ಅರ್ಧ ಬಿಳಿ, ಅರ್ಧ ಕಪ್ಪು ಇರಲಿ. ಬಿಳಿ ಪುಡಿ ಬಿಳಿ ಹಾಳೆಯ ಮೇಲೆ ಕಾಣುವುದಿಲ್ಲ. ಹುತ್ತದ ಅಣಬೆಯ ಪುಡಿ ನಸುಗೆಂಪು. ನಸುಗೆಂಪು ಬಂದ ಮಾತ್ರಕ್ಕೆ ಸಮಾಧಾನ ಪಡುವಂತಿಲ್ಲ, ಎಂಟೊಲೋಮಾ ಎಂಬ ವಿಷದ ಅಣಬೆಗಳೂ ಆ ಬಣ್ಣದ ಪುಡಿಯನ್ನೇ ಉದುರಿಸುತ್ತವೆ. ಬೇರೆ ಬಣ್ಣ ಬಂದರೆ ಮಾತ್ರ ಉತ್ತರ ಖಚಿತ: ಬಿಸಾಡಬೇಕು.

5. ಅರಿಶಿನ, ಬೆಳ್ಳಿ, ಹುಳು ಯಾವುದನ್ನೂ ನಂಬಬೇಡಿ

ಅಂದು ಆ ಅಣಬೆಗೆ ಅರಿಶಿನ ಹಾಕಿಯೇ ತೊಳೆದಿದ್ದೆ. ಬಣ್ಣ ಬದಲಾಗಲಿಲ್ಲ. ವಿಷವಿದ್ದರೆ ಅರಿಶಿನ ಕೆಂಪಾಗುತ್ತದೆ, ಬೆಳ್ಳಿ ಚಮಚ ಕಪ್ಪಾಗುತ್ತದೆ, ಬೆಳ್ಳುಳ್ಳಿ ನೀಲಿಯಾಗುತ್ತದೆ, ಹುಳು ತಿಂದದ್ದನ್ನು ಮನುಷ್ಯರು ತಿನ್ನಬಹುದು ಎಂಬ ಮಾತುಗಳನ್ನು ನಾನು ಊರೂರಲ್ಲಿ ಕೇಳಿದ್ದೇನೆ. ಒಂದೂ ನಿಜವಲ್ಲ. ಮನುಷ್ಯನ ಪಿತ್ತಜನಕಾಂಗವನ್ನು ಹಾಳುಮಾಡುವ ಅಮಾನಿಟಾ ಅಣಬೆಗಳನ್ನು ಹುಳುಗಳು ಏನೂ ಆಗದೆ ತಿಂದುಕೊಂಡಿರುತ್ತವೆ. ಆ ವಿಷ ಬೇಯಿಸಿದರೂ ಹೋಗುವುದಿಲ್ಲ, ಒಣಗಿಸಿದರೂ ಹೋಗುವುದಿಲ್ಲ, ನೀರು ಬಸಿದರೂ ಹೋಗುವುದಿಲ್ಲ.

ಅದರ ಇನ್ನೊಂದು ಗುಣ ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುತ್ತದೆ. ತಿಂದ ಮೇಲೆ ಆರರಿಂದ ಹನ್ನೆರಡು ಗಂಟೆ, ಕೆಲವರಿಗೆ ಇನ್ನೂ ಹೆಚ್ಚು ಹೊತ್ತು ಏನೂ ಆಗುವುದಿಲ್ಲ. ಆಮೇಲೆ ವಾಂತಿ, ಭೇದಿ. ಮರುದಿನ ಸುಧಾರಿಸಿದಂತೆ ಕಾಣುತ್ತದೆ. ಆಸ್ಪತ್ರೆಯಲ್ಲಿದ್ದವರು ಮನೆಗೆ ಹೋಗೋಣ ಅನ್ನುತ್ತಾರೆ. ಒಳಗೆ ಪಿತ್ತಜನಕಾಂಗ ಕೆಡುತ್ತಿರುವುದು ಅದೇ ಹೊತ್ತಿನಲ್ಲಿ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನ ಮೇಲ್ಭಾಗದ ಜಿಲ್ಲೆಗಳಲ್ಲಿ ಕಾಡಣಬೆ ತಿಂದು ಹದಿಮೂರು ಜನ ಸತ್ತರು. ಬಹಳಷ್ಟು ಜನ ಚಹಾ ತೋಟದ ಕುಟುಂಬದವರು. ಅವರೂ ತಲೆಮಾರುಗಳಿಂದ ಅಣಬೆ ಆರಿಸಿ ತಿಂದವರೇ.

ನಮಗೆ ಎರಡೇ ಗಂಟೆಯಲ್ಲಿ ವಾಂತಿಯಾದದ್ದು ಅದೃಷ್ಟ ಎಂದು ಡಾಕ್ಟರು ಹೇಳಿದಾಗ ನನಗೆ ಅರ್ಥವಾಗಿರಲಿಲ್ಲ. ಓದಿ ತಿಳಿದ ಮೇಲೆ ಆಯಿತು.

6. ಮೊಗ್ಗನ್ನು ಸೀಳದೆ ಬುಟ್ಟಿಗೆ ಹಾಕಿದೆ

ಹೆಂಡತಿಯ ತವರು ಕಾರ್ಕಳದ ಕಡೆ. ಮುಂಗಾರಿನ ಮೊದಲ ಮಳೆಗೆ ಅಲ್ಲಿ ಕಲ್ಲಣಬೆಯ ಕಾಲ. ತುಳುವಿನಲ್ಲಿ ಅಣಬೆಗೆ ಲಾಂಬು ಅನ್ನುತ್ತಾರೆ. ಮುರಕಲ್ಲಿನ ನೆಲದಲ್ಲಿ, ಮರಗಳ ಅಡಿ, ಗೋಲಿಯಂತೆ ಉರುಟಾಗಿ ಅರ್ಧ ಹೂತುಕೊಂಡಿರುತ್ತದೆ. ಕೊಡೆಯೂ ಇಲ್ಲ, ಕಾಲೂ ಇಲ್ಲ. ಪೇಟೆಯಲ್ಲಿ ಕೋಳಿಗಿಂತ ಹೆಚ್ಚು ಬೆಲೆಗೆ ಹೋಗುತ್ತದೆ. ಭಾವನ ಜೊತೆ ಹೆರಕಲು ಹೋದ ನಾನು ದುಂಡಗೆ ಕಂಡದ್ದನ್ನೆಲ್ಲ ಹೆಕ್ಕಿದೆ. ಮನೆಯಲ್ಲಿ ಅತ್ತೆ ಒಂದೊಂದನ್ನೂ ಚೂರಿಯಿಂದ ಎರಡು ಹೋಳು ಮಾಡುತ್ತ ಕೂತರು. ಒಳಗೆ ಬೆಣ್ಣೆಯಂತೆ ಬೆಳ್ಳಗಿದ್ದದ್ದು ಒಂದು ಕಡೆ. ಕಪ್ಪಾಗಿದ್ದದ್ದು, ನೇರಳೆಗೆ ತಿರುಗಿದ್ದು ಹೊರಗೆ. ನಾನು ಹೆಕ್ಕಿದ್ದರಲ್ಲಿ ಕಾಲುಭಾಗ ಹೊರಗೆ ಹೋಯಿತು.

ಬಲಿತ ಕಲ್ಲಣಬೆ ಒಳಗೆ ಕಪ್ಪು ಪುಡಿಯಾಗುತ್ತದೆ, ಅದು ತಿನ್ನಲು ಬರುವುದಿಲ್ಲ. ಸ್ಕ್ಲೆರೊಡರ್ಮಾ ಎಂಬ ಇನ್ನೊಂದು ಉರುಟು ಅಣಬೆಯೂ ಅಲ್ಲೇ ಮಣ್ಣಿನಲ್ಲಿ ಏಳುತ್ತದೆ, ಅದರ ತಿರುಳು ಬೇಗನೆ ನೇರಳೆಗಪ್ಪಾಗುತ್ತದೆ, ಹೊಟ್ಟೆ ಕೆಡಿಸುತ್ತದೆ. ಇವೆರಡಕ್ಕಿಂತ ಅಪಾಯದ್ದು ಮತ್ತೊಂದಿದೆ. ಅಮಾನಿಟಾ ಎಳೆಯದಾಗಿದ್ದಾಗ ಮೊಟ್ಟೆಯಂತೆ ಮುಚ್ಚಿಕೊಂಡಿರುತ್ತದೆ. ಅದನ್ನು ಉದ್ದಕ್ಕೆ ಸೀಳಿದರೆ ಒಳಗೆ ಪುಟ್ಟ ಕೊಡೆ, ಕಾಲು, ಕಿವಿರಿನ ಗೆರೆ ಚಿತ್ರ ಬರೆದಂತೆ ಕಾಣುತ್ತದೆ. ಸೀಳದೆ ಹೋದರೆ ಅದೂ ಒಂದು ಬಿಳಿ ಉಂಡೆ. ಕಲ್ಲಣಬೆ ಈಗಲೂ ನನಗೆ ಗೊತ್ತಿರುವ ಅಣಬೆಯಲ್ಲ. ಅತ್ತೆ ಆರಿಸಿ ಕೊಟ್ಟರೆ ತಿನ್ನುತ್ತೇನೆ, ನಾನಾಗಿ ಹೆಕ್ಕಿ ತಿನ್ನುವುದಿಲ್ಲ.

ನುಚ್ಚಿನಂತೆ ನೂರಾರು ಒಟ್ಟಿಗೆ ಏಳುವ ಸಣ್ಣ ಬಿಳಿ ಅಣಬೆ ಕೂಡ ಹಾಗೆಯೇ. ಒರಲೆಗಳು ಗೂಡಿನೊಳಗಿನ ಅಣಬೆ ತೋಟದ ಚೂರುಗಳನ್ನು ಹೊರಗೆ ತಂದು ಹರಡಿದಲ್ಲಿ ಅದು ಏಳುತ್ತದೆ. ರುಚಿ ಬಹಳ. ಅಷ್ಟು ಸಣ್ಣದರಲ್ಲಿ ಬೇರೆ ಜಾತಿ ಬೆರೆತರೆ ನನ್ನ ಕಣ್ಣಿಗೆ ಹಿಡಿಯುವುದಿಲ್ಲ, ಬಿಟ್ಟುಬಿಟ್ಟೆ.

7. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಂದೆ

ಒಂದು ಸಲ ಎರಡು ಕೆಜಿಯಷ್ಟು ಒಳ್ಳೆಯ ಹುತ್ತದ ಅಣಬೆ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ, ಬೈಕಿನಲ್ಲಿ ನೇತುಹಾಕಿ, ಸಂಜೆಯವರೆಗೆ ಊರೆಲ್ಲ ಸುತ್ತಿದೆ. ಬಿಚ್ಚಿದಾಗ ಬೆವರಿ, ಲೋಳೆಯಾಗಿ, ನಾತ ಹೊಡೆಯುತ್ತಿತ್ತು. ಒಳ್ಳೆಯ ಅಣಬೆಯೂ ಕೆಟ್ಟರೆ ಹೊಟ್ಟೆ ಕೆಡಿಸುತ್ತದೆ. ಅಡಿಕೆ ಹಾಳೆಯ ಕೊಟ್ಟೆಯೋ, ಗಾಳಿಯಾಡುವ ಬುಟ್ಟಿಯೋ ಬೇಕು. ಕಿತ್ತ ದಿನವೇ, ಹಾಳೆಯ ಮೇಲಿಟ್ಟು ನೋಡುವುದಿದ್ದರೆ ಮರುದಿನ ಬೆಳಿಗ್ಗೆಯೇ, ಅಡುಗೆಯಾಗಬೇಕು.

8. ನೀರಿನಲ್ಲಿ ನೆನೆಸಿ, ಗರಂ ಮಸಾಲೆ ಸುರಿದೆ

ಮೊದಲ ಸಲ ಅಡುಗೆಗೆ ಇಳಿದವನು ಮಣ್ಣು ಬಿಡಲಿ ಎಂದು ಅಣಬೆಯನ್ನು ಒಂದು ಗಂಟೆ ನೀರಿನಲ್ಲಿ ಮುಳುಗಿಸಿಟ್ಟೆ. ಅದು ನೀರು ಕುಡಿದು ಒದ್ದೆ ಬಟ್ಟೆಯಂತಾಯಿತು. ಮೇಲೆ ಪ್ಯಾಕೆಟ್ಟಿನ ಮಸಾಲೆ ಎರಡು ಚಮಚ. ತಿಂದವರಿಗೆ ಮಸಾಲೆಯ ರುಚಿ ಬಿಟ್ಟರೆ ಬೇರೇನೂ ಸಿಗಲಿಲ್ಲ.

ದೊಡ್ಡಮ್ಮ ಮಾಡುವುದನ್ನು ಪಕ್ಕದಲ್ಲಿ ಕೂತು ನೋಡಲು ನನಗೆ ಎಂಟು ವರ್ಷ ಬೇಕಾಯಿತು. ಅವರು ಮೊದಲು ಒಣ ಚೂರಿಯಿಂದ ಕಾಲಿನ ಮಣ್ಣು ಹೆರೆಯುತ್ತಿದ್ದರು. ಕಪ್ಪಾದ ಬುಡದ ತುದಿ ತೆಗೆಯುತ್ತಿದ್ದರು. ಕಾಲನ್ನು ಉದ್ದಕ್ಕೆ ಸೀಳಿ ಹುಳು ಹೊಕ್ಕಿದೆಯಾ ನೋಡುತ್ತಿದ್ದರು. ಹುಳು ಹಿಡಿದದ್ದನ್ನು ತೆಗೆದಿಡುತ್ತಿದ್ದರು. ಆಮೇಲೆ ಕೈಯಲ್ಲೇ ಎಳೆಎಳೆಯಾಗಿ ಸೀಳಿ, ಎರಡು ನೀರಿನಲ್ಲಿ ಬೇಗಬೇಗ ಜಾಲಿಸಿ ಬಸಿಯುವುದು. ಬಾಣಲೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ, ಅಣಬೆ, ಉಪ್ಪು. ನೀರು ಹಾಕುವಂತಿಲ್ಲ, ಅಣಬೆಯೇ ನೀರು ಬಿಡುತ್ತದೆ. ಆ ನೀರು ಪೂರ್ತಿ ಇಂಗುವವರೆಗೆ ಬೇಯಬೇಕು, ಇಪ್ಪತ್ತು ನಿಮಿಷಕ್ಕೆ ಕಡಿಮೆಯಿಲ್ಲ. ಅರೆಬೆಂದ ಕಾಡಣಬೆ ಯಾವುದಾದರೂ ಹೊಟ್ಟೆಗೆ ಆಗುವುದಿಲ್ಲ. ಕೊನೆಗೆ ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ನಾಲ್ಕು ಬ್ಯಾಡಗಿ ಹುರಿದು ತೆಂಗಿನತುರಿಯ ಜೊತೆ ತರಿತರಿಯಾಗಿ ರುಬ್ಬಿ ಹಾಕಿ, ವಾಟೆಹುಳಿ ಒಂದು ಚೂರು. ಗರಂ ಮಸಾಲೆಯ ಮಾತೇ ಇಲ್ಲ. ಬಿಸಿ ಕಡುಬಿನ ಜೊತೆ ಅದನ್ನು ತಿಂದ ದಿನ ನಾನು ಅಡುಗೆಮನೆಯಲ್ಲೇ ಕೂತು ಊಟ ಮುಗಿಸಿದೆ.

9. ಗುದ್ದಲಿ ಹಾಕಿ ಒಂದು ಜಾಗ ಕಳೆದೆ

ಹಲಸಿನ ಮರದ ಹತ್ತಿರದ ಆ ಜಾಗ ಹೇಳಿದೆನಲ್ಲ, ಅದು ಈಗಿಲ್ಲ. ಕಾಲು ಎಲ್ಲಿಗೆ ಹೋಗುತ್ತದೆ ನೋಡೋಣ ಎಂಬ ಕುತೂಹಲಕ್ಕೆ ಒಂದು ವರ್ಷ ಗುದ್ದಲಿ ತಂದು ಅಗೆದೆ. ಎರಡು ಅಡಿ ಕೆಳಗೆ ಗೂಡು ಸಿಕ್ಕಿತು. ತೆಂಗಿನಕಾಯಿ ಗಾತ್ರದ ಕೋಣೆಯಲ್ಲಿ ಸ್ಪಂಜಿನಂಥ ಕಂದು ಗಡ್ಡೆ, ಅದರ ಮೇಲೆ ಸಾಸಿವೆ ಕಾಳಿನಂಥ ಬಿಳಿ ಗುಂಡುಗಳು. ಒರಲೆಗಳು ಗಾಬರಿಯಿಂದ ಓಡಾಡುತ್ತಿದ್ದವು. ಒಣ ಎಲೆ, ಕಟ್ಟಿಗೆಯನ್ನು ತಿಂದು ತಮ್ಮ ಮಲದಿಂದ ಆ ಗಡ್ಡೆ ಕಟ್ಟಿ, ಅದರ ಮೇಲೆ ಅಣಬೆಯ ಬೂಷ್ಟು ಬೆಳೆಸಿ, ಆ ಬಿಳಿ ಗುಂಡುಗಳನ್ನು ತಿನ್ನುವುದು ಅವುಗಳ ಬೇಸಾಯ. ಇದು ಸುಮಾರು ಮೂರು ಕೋಟಿ ವರ್ಷ ಹಳೆಯದು ಎಂದು ತಿಳಿದವರು ಲೆಕ್ಕ ಹಾಕಿದ್ದಾರೆ. ಫ್ರಾನ್ಸಿನ ರೋಜರ್ ಹೀಮ್ 1942ರಲ್ಲಿ ಈ ಅಣಬೆಗಳಿಗೆ ಟರ್ಮಿಟೊಮೈಸಿಸ್ ಎಂದು ಕುಲದ ಹೆಸರಿಟ್ಟರು. ದಕ್ಷಿಣ ಭಾರತದಿಂದ 1979ರಲ್ಲಿ ವಿವರಿಸಿದ ಒಂದು ಜಾತಿಗೆ ಅವರದೇ ಹೆಸರಿದೆ, ಟರ್ಮಿಟೊಮೈಸಿಸ್ ಹೀಮಿಯೈ. ಹುಲ್ಲಿನ ಮೇಲೆ ಬೇರೆ ಅಣಬೆ ಬೆಳೆಸಿದಂತೆ ಇದನ್ನು ಶೆಡ್ಡಿನಲ್ಲಿ ಬೆಳೆದು ಮಾರಲು ಇವತ್ತಿಗೂ ಆಗಿಲ್ಲ. ಒರಲೆ ಬೇಕು, ಅದರ ಗೂಡು ಬೇಕು, ಗೂಡಿಗೆ ದರಗು ಬೇಕು.

ನಾನು ಅಗೆದ ಗುಂಡಿಯನ್ನು ಮುಚ್ಚಿ ಬಂದೆ. ಮರುವರ್ಷ ಅಲ್ಲಿ ಅಣಬೆ ಏಳಲಿಲ್ಲ. ಆಮೇಲಿನ ಹನ್ನೊಂದು ಮಳೆಗಾಲದಲ್ಲಿ ಒಮ್ಮೆಯೂ ಏಳಲಿಲ್ಲ. ಪ್ರತಿ ಆರಿದ್ರೆಗೆ ಹೋಗಿ ನೋಡಿ ಬರುತ್ತೇನೆ. ಈಗ ಗೊತ್ತಿರುವ ಜಾಗಗಳಲ್ಲಿ ದರಗು ಗುಡಿಸಲು ಬಿಡುವುದಿಲ್ಲ, ಸಿಕ್ಕಿದ್ದರಲ್ಲಿ ಅರಳಿದ ಒಂದಷ್ಟನ್ನು ಬೀಜಕ ಉದುರಲೆಂದು ನಿಲ್ಲಿಸಿ ಬರುತ್ತೇನೆ.

10. ಒಂದು ಅಣಬೆಯನ್ನು ಬೇಯಿಸದೆ ಎತ್ತಿಡಲಿಲ್ಲ

ಅಪ್ಪಯ್ಯನನ್ನು ಆಸ್ಪತ್ರೆಗೆ ಸೇರಿಸಿದ ರಾತ್ರಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಯಾವ ಅಣಬೆ? ಎರಡನೆಯದು, ತಿಂದು ಎಷ್ಟು ಹೊತ್ತಾಯಿತು? ಮೊದಲನೆಯದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ತಂದದ್ದನ್ನೆಲ್ಲ ಬೇಯಿಸಿದ್ದೆ. ಮರುದಿನ ಹೆಂಡತಿ ಮೈದಾನಕ್ಕೆ ಹೋಗಿ ಉಳಿದಿದ್ದ ಎರಡು ಅಣಬೆ ತಂದ ಮೇಲೆ ಅವರಿಗೆ ಧೈರ್ಯ ಬಂತು. ಅಷ್ಟರೊಳಗೆ ಅವುಗಳ ಕಿವಿರು ಹಸಿರಾಗಿತ್ತು.

ಅದಕ್ಕೇ ಕಾಡಣಬೆ ತಿನ್ನುವವರಲ್ಲಿ ಕೈಮುಗಿದು ಕೇಳುತ್ತೇನೆ. ಬೇಯಿಸುವ ಮೊದಲು ಒಂದು ಇಡೀ ಅಣಬೆಯನ್ನು, ಬುಡ ಸಮೇತ, ಕಾಗದದಲ್ಲಿ ಸುತ್ತಿ ಬೇರೆ ಇಡಿ. ಮಕ್ಕಳಿಗೂ ಬಸುರಿಯರಿಗೂ ಬಡಿಸಬೇಡಿ. ತಿಂದ ಮೇಲೆ ಎರಡು ಗಂಟೆಗಾಗಲಿ, ಮರುದಿನವಾಗಲಿ ಹೊಟ್ಟೆ ತೊಳಸಿದರೆ, ವಾಂತಿಯಾದರೆ, ಮೈ ಬೆವರಿದರೆ ಮನೆಮದ್ದಿಗೆ ಕೂರಬೇಡಿ. 108ಕ್ಕೆ ಫೋನು ಮಾಡಿ, ಎತ್ತಿಟ್ಟ ಅಣಬೆಯನ್ನೂ ತೆಗೆದುಕೊಂಡು ದೊಡ್ಡ ಆಸ್ಪತ್ರೆಗೆ ಹೋಗಿ. ಒಂದೇ ಪಂಕ್ತಿಯಲ್ಲಿ ಉಂಡ ಎಲ್ಲರನ್ನೂ, ಏನೂ ಆಗದವರನ್ನೂ, ಜೊತೆಗೆ ಕರೆದೊಯ್ಯಿರಿ. ಸುಧಾರಿಸಿತು ಅನ್ನಿಸಿದರೂ ಡಾಕ್ಟರು ಹೇಳುವವರೆಗೆ ಮನೆಗೆ ಹೊರಡಬೇಡಿ.